ಇಂಪಿನ ಹಂಗು ತೊರೆದ ದನಿಗಳು

ಲಂಡನ್ನಿನ ಪಂಕ್ ಮತ್ತು ಅದರ ಬೆನ್ನಿಗೇ ಬಂದ ಪೋಸ್ಟ್-ಪಂಕ್ ಸಂಗೀತದಲ್ಲಿ ಹೆಣ್ಣುಮಕ್ಕಳು ಮೊದಲು ಮುರಿದದ್ದು ದನಿಯ ಕಟ್ಟಳೆಯನ್ನು. ಹೆಣ್ಣು ಹಾಡಿದರೆ ಇಂಪಾಗಿರಬೇಕೆಂಬ ನಿರೀಕ್ಷೆ ಕನ್ನಡ ಕೇಳುಗರಿಗೂ ಹೊಸದಲ್ಲ. ಎಲ್.ಆರ್. ಈಶ್ವರಿಯವರ ಗಡಸು ಕಂಠ ಸಿನಿಮಾದಲ್ಲಿ ಹೆಚ್ಚಾಗಿ ಕ್ಯಾಬರೆ ಹಾಡುಗಳ ಪಾಲಾಯಿತು. 1976ರಿಂದ 79ರ ನಡುವಿನ ಲಂಡನ್ ಹುಡುಗಿಯರು ಆ ಗಡಸನ್ನೇ ನಡುಮನೆಗೆ ತಂದು ಕೂರಿಸಿದರು.

ಎಕ್ಸ್-ರೇ ಸ್ಪೆಕ್ಸ್ ತಂಡದ ಪಾಲಿ ಸ್ಟೈರೀನ್ (1957–2011) ಇವರಲ್ಲಿ ಎಲ್ಲರಿಗಿಂತ ಹರಿತ. ಹುಟ್ಟುಹೆಸರು ಮೇರಿಯನ್ ಎಲಿಯಟ್-ಸೈದ್. ತಂದೆ ಸೊಮಾಲಿ, ತಾಯಿ ಬಿಳಿಯರು. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಹೆಸರಿಟ್ಟುಕೊಂಡದ್ದರಲ್ಲೇ ಅವರ ವಸ್ತುವಿದೆ. 1978ರ ‘ಜರ್ಮ್‌ಫ್ರೀ ಅಡೊಲೆಸೆಂಟ್ಸ್’ ಆಲ್ಬಮ್ಮಿನ ತುಂಬ ಜಾಹೀರಾತು, ಕೃತಕ ಬಣ್ಣ, ಅತಿಶುಚಿಯ ಗೀಳು, ತಾನು ಯಾರೆಂದು ಕನ್ನಡಿಯನ್ನು ಕೇಳುವ ಹುಡುಗಿ. ಅದೇ ಕಾಲದ ಪಂಕ್ ತಂಡ ಸೆಕ್ಸ್ ಪಿಸ್ತೂಲ್ಸ್ ಬ್ರಿಟನ್ನಿನ ರಾಣಿಯತ್ತ ಬೆರಳು ತೋರಿಸಿದರೆ, ಸ್ಟೈರೀನ್ ಸಂತೆಯೊಳಗೆ ತಾನೂ ಸಿಕ್ಕಿಬಿದ್ದಿರುವುದನ್ನು ಮುಚ್ಚಿಡಲಿಲ್ಲ. ಅವರದು ಬರಿಯ ಚೀರಾಟವೆಂದು ತಳ್ಳಿಹಾಕುವವರು ಒಮ್ಮೆ ಆಲ್ಬಮ್ಮಿನ ಶೀರ್ಷಿಕೆಗೀತೆ ಕೇಳಬೇಕು; ಅಲ್ಲಿ ಅದೇ ಕಂಠ ಮೆತ್ತಗಾಗುತ್ತದೆ. 1977ರ ಮೊದಲ ಸಿಂಗಲ್‌ನಲ್ಲಿ ಆ ಕಂಠದೊಡನೆ ಜಗಳವಾಡುವ ಸ್ಯಾಕ್ಸೊಫೋನ್ ಹದಿಹರೆಯದ ಲೋರಾ ಲಾಜಿಕ್ ಅವರದು. ಆಲ್ಬಮ್ ಬರುವ ಹೊತ್ತಿಗೆ ಆಕೆ ತಂಡದಲ್ಲಿರಲಿಲ್ಲ. ಮುಂದೆ ಇಬ್ಬರೂ ಇಸ್ಕಾನ್ ಸೇರಿ ಕೃಷ್ಣಭಕ್ತರಾದರು.

ಸ್ಲಿಟ್ಸ್ ತಂಡ ಕಟ್ಟಿದಾಗ ಹಾಡುಗಾರ್ತಿ ಆರಿ ಅಪ್‌ಗೆ ಹದಿನಾಲ್ಕು. ವಾದ್ಯ ಬಾರದವರು ಎಂಬ ಹಣೆಪಟ್ಟಿ ಇವರಿಗೆ ಅಂಟಿದೆ. 1979ರ ‘ಕಟ್’ ಅದನ್ನು ಸುಳ್ಳಾಗಿಸುತ್ತದೆ. ರೆಗ್ಗೆ ಬಲ್ಲ ಡೆನಿಸ್ ಬೊವೆಲ್ ನಿರ್ಮಾಣದಲ್ಲಿ ಟೆಸ್ಸಾ ಪೊಲಿಟ್ ಅವರ ಬೇಸ್ ಮುಂದೆ ನಡೆಯುತ್ತದೆ, ವಿವ್ ಆಲ್ಬರ್ಟಿನ್ ಅವರ ಗಿಟಾರ್ ಅಲ್ಲಲ್ಲಿ ಗೀರಿ ಸರಿಯುತ್ತದೆ, ನಡುವಿನ ಖಾಲಿಯೂ ನುಡಿಯುತ್ತದೆ. ಹೊದಿಕೆಯ ಚಿತ್ರವನ್ನು ಮಾತ್ರ ಅಷ್ಟು ಸುಲಭವಾಗಿ ಮೆಚ್ಚಲಾಗದು. ಮೈಗೆ ಮಣ್ಣು ಮೆತ್ತಿ, ಸೊಂಟಕ್ಕೊಂದು ಬಟ್ಟೆ ಸುತ್ತಿ ನಿಂತ ಮೂವರು ಗಂಡುನೋಟವನ್ನು ದಿಟ್ಟಿಸಿ ಎದುರಿಸುತ್ತಾರೆ, ನಿಜ. ಆದರೆ ಆ ‘ಕಾಡುಹೆಣ್ಣಿನ’ ವೇಷ ವಸಾಹತುಶಾಹಿಯ ಹಳೆಯ ಪೆಟ್ಟಿಗೆಯಿಂದಲೇ ತೆಗೆದದ್ದು. ಬ್ರಿಟಿಷ್ ಕಂಪನಿ ಚಿನ್ನ ಅಗೆದ ಕೋಲಾರದ ಕಡೆಯಿಂದ ನೋಡುವವರಿಗೆ ಇದು ಕಣ್ಣಿಗೆ ಚುಚ್ಚುತ್ತದೆ.

ತಂಡದ ಮೊದಲ ಡ್ರಮ್ ವಾದಕಿ, ಸ್ಪೇನಿನ ಪಾಮಾಲಿವ್, ‘ಕಟ್’ ಮುದ್ರಣದಲ್ಲಿಲ್ಲ. ಅಲ್ಲಿ ಬಾರಿಸಿದ್ದು ಬಡ್ಜಿ ಎಂಬ ಗಂಡಸು. ಆಕೆಯ ಕೈ ಕೇಳಬೇಕಾದರೆ ರೇನ್‌ಕೋಟ್ಸ್ ತಂಡದ 1979ರ ಮೊದಲ ಆಲ್ಬಮ್ಮಿಗೆ ಹೋಗಬೇಕು. ತಾಳಫಲಕದ ಝಣಝಣ ಕಡಿಮೆ, ತೊಗಲಿನ ಪೆಟ್ಟೇ ಹೆಚ್ಚು. ಬೂದಿಕೋಟೆ, ಬಂಗಾರಪೇಟೆ ಸುತ್ತಿನ ಊರಹಬ್ಬಗಳ ತಮಟೆಗೆ ಪಳಗಿದ ಕಿವಿಗೆ ಈ ನಡೆ ಪರಕೀಯ ಅನ್ನಿಸದು. ಅದರ ಮೇಲೆ ವಿಕಿ ಆಸ್ಪಿನಾಲ್ ಅವರ ಪಿಟೀಲು ಕೆರೆಯುತ್ತದೆ. ಅನಾ ಡ ಸಿಲ್ವಾ ಮತ್ತು ಜಿನಾ ಬರ್ಚ್ ಶ್ರುತಿಯ ಹೊಸಿಲ ಮೇಲೆ ನಿಂತು, ಪಕ್ಕದ ಕೋಣೆಯವರೊಡನೆ ಮಾತಾಡುವಂತೆ ಹಾಡುತ್ತಾರೆ. ಇಲ್ಲಿ ನಾಯಕಿಯಿಲ್ಲ, ಗಿಟಾರ್ ಪ್ರತಾಪವೂ ಇಲ್ಲ. ಮೂರು ತಂಡಗಳಲ್ಲಿ ರಾಕ್‌ನ ರಚನೆಯನ್ನೇ ಬದಲಿಸಿದ್ದು ಇದು. ಸ್ಟೈರೀನ್ ಬದಲಿಸಿದ್ದು ಅದರ ಮಾತನ್ನು.

ರೇನ್‌ಕೋಟ್ಸ್ 1984ರಲ್ಲಿ ಚದುರಿತು, ಆಲ್ಬಮ್ಮುಗಳು ಅಂಗಡಿಗಳಿಂದ ಮರೆಯಾದವು. 1992ರಲ್ಲಿ ಅಮೆರಿಕದ ರಾಕ್ ತಂಡ ನಿರ್ವಾಣದ ಕರ್ಟ್ ಕೊಬೇನ್ ಮೊದಲ ಆಲ್ಬಮ್ಮಿನ ತನ್ನ ಸವೆದ ಪ್ರತಿಗೆ ಬದಲಿ ಹುಡುಕುತ್ತ, ಅನಾ ಕೆಲಸ ಮಾಡುತ್ತಿದ್ದ ಹಳೆ ಸಾಮಾನಿನ ಅಂಗಡಿಗೆ ಬಂದ. ಮರುವರ್ಷ ಆ ಆಲ್ಬಮ್ ಆತನ ಟಿಪ್ಪಣಿಯೊಂದಿಗೆ ಮರುಬಿಡುಗಡೆಯಾಯಿತು. ಹದಿನಾಲ್ಕು ವರ್ಷ ಹಳೆಯ ಸಂಗೀತಕ್ಕೆ ಕೊನೆಗೂ ಒಬ್ಬ ಗಂಡಸಿನ ಶಿಫಾರಸು ಬೇಕಾಯಿತು.