‘ಪಬ್ಲಿಕನ್’ ಶಬ್ದದ ಅರ್ಥವಿಚಾರ

ಆಂಗ್ಲಭಾಷೆಯ ‘ಪಬ್ಲಿಕನ್’ ಶಬ್ದಕ್ಕೆ ಸುಂಕ ವಸೂಲು ಮಾಡುವವನೆಂದೂ ಪಾನಗೃಹದ ಯಜಮಾನನೆಂದೂ ಎರಡು ಅರ್ಥಗಳುಂಟು. ಇವುಗಳಲ್ಲಿ ಯಾವುದು ಎಲ್ಲಿ ಗ್ರಾಹ್ಯವೆಂಬುದನ್ನು ನಿರ್ಣಯಿಸದೆ 1611ರ ಆಂಗ್ಲ ಬೈಬಲನ್ನು ಓದಿದರೆ ತಾತ್ಪರ್ಯವೇ ಕೆಡುವುದು.

ಲ್ಯಾಟಿನ್ನಿನಲ್ಲಿ ‘ಪುಬ್ಲಿಕುಮ್’ ಎಂದರೆ ರಾಜ್ಯದ ಆದಾಯ; ಅದನ್ನು ಗುತ್ತಿಗೆ ಹಿಡಿದವನು ‘ಪುಬ್ಲಿಕಾನುಸ್’. ರೋಮಿನ ಗಣರಾಜ್ಯದಲ್ಲಿ ಸೆನ್ಸರರೆಂಬ ಅಧಿಕಾರಿಗಳು ಕರಗಳ ವಸೂಲನ್ನು ಸಾಮಾನ್ಯವಾಗಿ 5 ವರ್ಷಗಳ ಅವಧಿಗೆ ಹರಾಜು ಹಾಕುತ್ತಿದ್ದರು. ಕೂಗಿದ ಮೊತ್ತಕ್ಕಿಂತ ಮಿಗಿಲಾಗಿ ಬಂದುದು ಗುತ್ತಿಗೆದಾರನ ಲಾಭ. ಜನರ ದ್ವೇಷಕ್ಕೆ ಇದೇ ಬೀಜ. ಸುವಾರ್ತೆಗಳ ಗ್ರೀಕ್ ಮೂಲದಲ್ಲಿರುವ ‘ತೆಲೋನೇಸ್’ ಶಬ್ದವು ಊರೂರಿನ ಸುಂಕದ ಕಟ್ಟೆಯವರನ್ನು ಹೇಳುವುದಾದರೂ, ‘ಕರ’, ‘ಕೊಳ್ಳು’ ಎಂಬ ಅರ್ಥದ ಪದಗಳಿಂದಲೇ ನಿಷ್ಪನ್ನವಾದುದು. ಪಾನಗೃಹದ ಅರ್ಥವಾದರೋ ‘ಪಬ್ಲಿಕ್ ಹೌಸ್’ ಎಂಬುದರ ಸಂಬಂಧದಿಂದ 18ನೆಯ ಶತಮಾನದಲ್ಲಿ ಬಂದು ಸೇರಿತು.

ಮತ್ತಾಯನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ ಯೇಸುವಿನ ಮೇಲೆ ಮದ್ಯಪಾನದ ಆರೋಪವೂ ಈ ಜನರ ಸ್ನೇಹದ ಆರೋಪವೂ ಒಟ್ಟಿಗೆ ಬರುವುವು. ಆದುದರಿಂದ ಪಾನಗೃಹದ ಅರ್ಥವೇ ಉಚಿತವೆಂದು ಶಂಕಿಸಬಹುದು. ಅನೇಕಾರ್ಥಶಬ್ದದಲ್ಲಿ ಪ್ರಕರಣವು ಅರ್ಥವನ್ನು ನಿಯಮಿಸುವುದು ನಿಜ. ಆದರೆ ಆ ಕಾಲಕ್ಕೆ ಇಲ್ಲದ ಅರ್ಥವನ್ನು ಅದು ಹುಟ್ಟಿಸಲಾರದು.

ಸುಂಕಕ್ಕೂ ಸುರೆಗೂ ಇರುವ ಸಾಮೀಪ್ಯವು ಸಂಸ್ಕೃತ ಶಾಸ್ತ್ರಗಳಲ್ಲಿಯೂ ಕಾಣುವುದು. ಪಾಣಿನಿಯು 4-3-75ನೆಯ ಸೂತ್ರದಲ್ಲಿ ಆಯಸ್ಥಾನವಾಚಕಗಳಿಗೆ ಠಕ್ ಪ್ರತ್ಯಯವನ್ನು ವಿಧಿಸಿ, ಮರುಸೂತ್ರದಲ್ಲಿಯೇ ಶುಂಡಿಕಾದಿಗಳಿಗೆ ಅಣ್ ಪ್ರತ್ಯಯವನ್ನು ಹೇಳಿರುವನು. ಸುಂಕದ ಕಟ್ಟೆಯಿಂದ ಬಂದುದು ‘ಶೌಲ್ಕಶಾಲಿಕ’, ಹೆಂಡದಂಗಡಿಯಿಂದ ಬಂದುದು ‘ಶೌಂಡಿಕ’. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಶುಲ್ಕಾಧ್ಯಕ್ಷನು ಬೇರೆ, ಸುರಾಧ್ಯಕ್ಷನು ಬೇರೆ. ಎರಡೂ ಆದಾಯದ ಮೂಲಗಳೇ ಆದರೂ ಇಲ್ಲಿ ಶಬ್ದಸಾಂಕರ್ಯವಿಲ್ಲ.

ಹೀಗಿರಲು ಕನ್ನಡ ಬೈಬಲಿನಲ್ಲಿ ‘ಸುಂಕದವನು’ ಎಂದು ಪ್ರಯೋಗಿಸಿರುವುದು ಸಾಧುವೇ ಸರಿ. ಸುಂಕವು ಶುಲ್ಕದ ತದ್ಭವ. ಮೂಲಾರ್ಥಕ್ಕೆ ಚ್ಯುತಿಯಿಲ್ಲ, ದ್ವ್ಯರ್ಥಕ್ಕೆ ಎಡೆಯಿಲ್ಲ. ಗುತ್ತಿಗೆಯ ಅಂಶವು ಸ್ಫುರಿಸದಿರುವುದೊಂದೇ ನ್ಯೂನತೆ. ಆ ಕೊರತೆಯನ್ನು ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯು ಬಹುಮಟ್ಟಿಗೆ ತುಂಬುವುದು. ಏಕೆಂದರೆ ಆ ವೃತ್ತಿಯ ನಿಷ್ಠುರತೆಯನ್ನು ಕನ್ನಡಿಗನು ಹೆಸರು ಕೇಳಿದೊಡನೆಯೇ ಅರಿಯುವನು. ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಅಂತಹವನೇ ದೇವಾಲಯದ ದೂರದ ಮೂಲೆಯಲ್ಲಿ ನಿಂತು, ಎದೆ ಬಡಿದುಕೊಂಡು ಕರುಣೆಯನ್ನು ಬೇಡುವನು. ಅವನನ್ನು ಪಾನಗೃಹದವನೆಂದು ತಿಳಿದರೆ ಪಶ್ಚಾತ್ತಾಪದ ವಿಷಯವೇ ಬದಲಾಗಿ, ಪರಧನಾಪಹರಣದ ಸ್ಥಾನದಲ್ಲಿ ಮದ್ಯವು ಬಂದು ನಿಲ್ಲುವುದು. ಪಾಠ ಹೇಳುವವರು ಆಂಗ್ಲ ಶಬ್ದದ ಇಂದಿನ ರೂಢಿಯನ್ನು ಬಿಟ್ಟು, ಕನ್ನಡ ಪದವನ್ನೇ ಪ್ರಮಾಣವಾಗಿ ಹಿಡಿಯುವುದು ಯುಕ್ತ.