ಅರ್ಹ ಯೂನಿಟ್ 33

ಕಾರ್ಕಳ ಪೇಟೆಯಿಂದ ಸ್ವಲ್ಪ ಹೊರಗೆ, ಒಂದೇ ಮಾಡಿನಡಿ ಐದು ಬಾಗಿಲುಗಳ ಲೈನ್ ಮನೆ. ಕೊನೆಯ ಬಾಗಿಲಿನ ಹೆಂಗಸು ಗೇರುಬೀಜದ ಕಾರ್ಖಾನೆಗೆ ಹೋಗುವವರು. ಕರೆಂಟ್ ಬಿಲ್ಲನ್ನು ನನ್ನ ಕೈಗೆ ಕೊಟ್ಟು, “ಫ್ರೀ ಅಂತ ಹೇಳಿದ್ದಲ್ಲವಾ, ಮತ್ತೆ ಇದು ಎಂತದು?” ಎಂದರು. ಅಕ್ಷರ ಅರ್ಧ ಅಳಿಸಿಹೋದ ಆ ಉದ್ದ ಚೀಟಿಯನ್ನು ಬೆಳಕಿಗೆ ಹಿಡಿದು ಓದಿದೆ. ಬಳಕೆ 71 ಯೂನಿಟ್. ಅರ್ಹ ಯೂನಿಟ್ 33. ಉಳಿದ 38 ಯೂನಿಟ್‌ಗೆ ಹಣ ಕಟ್ಟಬೇಕು.

ಈ 33 ಎಲ್ಲಿಂದ ಬಂತು? ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯ ಲೆಕ್ಕ ನಿಂತಿರುವುದು 2022-23ರ ಸರಾಸರಿ ಬಳಕೆಯ ಮೇಲೆ. ಆ ವರ್ಷ ಅಲ್ಲಿದ್ದದ್ದು ಒಬ್ಬ ಕಾಲೇಜು ಹುಡುಗ. ಒಂದು ಬಲ್ಬು, ಒಂದು ಫ್ಯಾನು. ರಜೆಯಲ್ಲಿ ಊರಿಗೆ ಹೋದರೆ ತಿಂಗಳುಗಟ್ಟಲೆ ಬಾಗಿಲಿಗೆ ಬೀಗ. ಸರಾಸರಿ 23 ಬಂತು. ಮೊದಲು ಸರಾಸರಿಯ ಮೇಲೆ ಶೇ. 10 ಮಾತ್ರ ಹೆಚ್ಚು ಕೊಡುತ್ತಿದ್ದರು. 2024ರ ಆರಂಭದಲ್ಲಿ 48 ಯೂನಿಟ್‌ಗಿಂತ ಕಡಿಮೆಯವರಿಗೆ 10 ಯೂನಿಟ್ ಎಂದು ಬದಲಾಯಿಸಿದರು. ಹಾಗೆ 33. ಈಗ ಅಲ್ಲಿ ಐದು ಜನ ಇದ್ದಾರೆ, ಮಿಕ್ಸಿ ಉಂಟು, ಹಳೆಯದೊಂದು ಫ್ರಿಜ್ ಉಂಟು. ಹಿಂದಿನ ಲೆಕ್ಕವೇ ಇಲ್ಲದ ಹೊಸ ಸಂಪರ್ಕಕ್ಕಾದರೆ ರಾಜ್ಯದ ಸರಾಸರಿ 53 ಹಿಡಿದು, ಶೇ. 10 ಸೇರಿಸಿ 58 ಯೂನಿಟ್ ಸಿಗುತ್ತದೆ. ಅಂದರೆ ನಿನ್ನೆ ಮೀಟರ್ ಹಾಕಿಸಿದ ಮನೆಗೆ 58, ಮಿತವಾಗಿ ಬಾಳಿದ ಹುಡುಗನ ಕೋಣೆಗೆ ಬಂದವರಿಗೆ 33! ಹುಡುಗನ ಮಿತವ್ಯಯದ ದಂಡ ಈ ಅಮ್ಮನ ತಲೆಗೆ.

ಕರೆಂಟಿನ ಮಾತನ್ನು ಬಾಡಿಗೆಯ ಮಾತಾಗಿ ಏಕೆ ಆಡುತ್ತಿದ್ದೇನೆ? ಬಾಡಿಗೆ ಮನೆಯ ಬಡವನಿಗೆ, ಬಾಡಿಗೆದಾರನಾಗಿದ್ದುಕೊಂಡೇ, ವಾಸದ ಖರ್ಚಿಗೆ ಸರಕಾರದಿಂದ ಪ್ರತಿ ತಿಂಗಳು ಕೈಗೆಟಕುವ ಸಹಾಯ ಎಂದು ನಮ್ಮಲ್ಲಿ ಕಾಣುವುದು ಹೆಚ್ಚುಕಡಿಮೆ ಇದೊಂದೇ. ಹಾಸ್ಟೆಲ್ ಸಿಗದ ವಿದ್ಯಾರ್ಥಿಗಳ ಊಟ-ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ ಶುರುವಾದ ವಿದ್ಯಾಸಿರಿ ಇದೆ, ನಿಜ, ಅದು ಓದುವವರಿಗೆ. ಕೊರೋನಾ ಕಾಲದಲ್ಲಿ ಕೂಲಿಕಾರರು ನಡೆದುಕೊಂಡೇ ಊರಿಗೆ ಹೊರಟಾಗ ಕೇಂದ್ರಕ್ಕೆ ಬಾಡಿಗೆ ಮನೆಯ ನೆನಪಾಯಿತು; 2020ರಲ್ಲಿ ಕೈಗೆಟಕುವ ಬಾಡಿಗೆ ವಸತಿ ಸಂಕೀರ್ಣಗಳ ಯೋಜನೆ ಬಂತು. ಕಾರ್ಕಳದಲ್ಲಿ ಅದರ ಕುರುಹು ನನ್ನ ಕಣ್ಣಿಗಂತೂ ಬಿದ್ದಿಲ್ಲ. ನಮ್ಮ ಸರಕಾರಗಳಿಗೆ ಬಡವ ಎಂದರೆ ಮನೆ ಇಲ್ಲದವ, ಅವನಿಗೆ ಮನೆ ಕೊಡಬೇಕು: ಆಶ್ರಯ, ಬಸವ ವಸತಿ, ಅಂಬೇಡ್ಕರ್ ನಿವಾಸ. ಸರಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವನಿಗೂ 94ಸಿ, 94ಸಿಸಿ ಎಂದು ಅರ್ಜಿ ಉಂಟು. ಬಾಡಿಗೆ ಕೊಟ್ಟುಕೊಂಡು ಮರ್ಯಾದೆಯಲ್ಲಿ ಇದ್ದವನಿಗೆ ಅರ್ಜಿಯ ನಂಬರೇ ಇಲ್ಲ.

ಸಂಬಳದವರ ಕತೆ ಬೇರೆ. ಸರಕಾರಿ ಗುಮಾಸ್ತರ ವೇತನ ಚೀಟಿಯಲ್ಲಿ ಮನೆ ಬಾಡಿಗೆ ಭತ್ಯೆ ಎಂಬ ಸಾಲು ತನ್ನಷ್ಟಕ್ಕೆ ಬಂದು ಕೂರುತ್ತದೆ. ಏಳನೇ ವೇತನ ಆಯೋಗದ ನಂತರ ಸಣ್ಣ ಊರಿನವರಿಗೆ ಮೂಲ ವೇತನದ ಶೇ. 7.5. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಅದರ ಮೇಲೆ ಆದಾಯ ತೆರಿಗೆ ವಿನಾಯಿತಿಯೂ ಉಂಟು. ಇದನ್ನು ಯಾರೂ ಬಿಟ್ಟಿ ಭಾಗ್ಯ ಎನ್ನುವುದಿಲ್ಲ.

ಗೃಹಜ್ಯೋತಿಯ ಬಗ್ಗೆ ನನಗೆ ಮೆಚ್ಚುಗೆ ಇಲ್ಲದಿಲ್ಲ. 2023ರ ಜೂನ್‌ನಲ್ಲಿ ನೋಂದಣಿ ಶುರುವಾಗುವ ಮೊದಲು ಬಾಡಿಗೆದಾರರಿಗೆ ಸಿಗುತ್ತದೋ ಇಲ್ಲವೋ ಎಂಬ ಗೊಂದಲವಿತ್ತು. ಬಾಡಿಗೆದಾರರಿಗೂ ಉಂಟು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ಪಷ್ಟಪಡಿಸಿದರು. ಜಾತಿ ಪ್ರಮಾಣಪತ್ರ ಬೇಡ, ಆದಾಯ ಪ್ರಮಾಣಪತ್ರ ಬೇಡ, ತಾಲ್ಲೂಕು ಕಚೇರಿಯ ಮೆಟ್ಟಿಲು ಬೇಡ. ಆಧಾರ್, ಬಿಲ್ಲಿನಲ್ಲಿರುವ ಖಾತೆ ಸಂಖ್ಯೆ, ಮತ್ತೆ ಆ ಮನೆಯಲ್ಲೇ ಇದ್ದೇನೆ ಎನ್ನುವುದಕ್ಕೆ ಒಂದು ಕಾಗದ: ಬಾಡಿಗೆ ಕರಾರು ಅಥವಾ ಅದೇ ವಿಳಾಸದ ಮತದಾರರ ಚೀಟಿ. ಮನೆ ಬದಲಾಯಿಸಿದರೆ ಹಳೆಯ ಮೀಟರಿನಿಂದ ಆಧಾರ್ ಬಿಡಿಸಿಕೊಳ್ಳುವ ದಾರಿಯನ್ನೂ ಆಮೇಲೆ ಮಾಡಿದರು. ಕಾಗದದ ಮೇಲೆ ಇದಕ್ಕಿಂತ ಸರಳ ಯೋಜನೆ ಕಷ್ಟ.

ಆದರೆ ಆ ಒಂದು ಕಾಗದ ಇರುವುದು ಯಾರ ಕೈಯಲ್ಲಿ? ಬಾಗಲಕೋಟೆ, ಗದಗ ಕಡೆಯಿಂದ ಕೆಲಸಕ್ಕೆ ಬಂದವರ ಮತದಾರರ ಚೀಟಿಯಲ್ಲಿ ಅವರ ಊರೇ ಇರುತ್ತದೆ. ಉಳಿಯುವುದು ಕರಾರು. ಅದನ್ನು ಬರೆದುಕೊಡಬೇಕಾದವರು ಧಣಿಗಳು.

ನಮ್ಮ ಕಡೆಯ ಧಣಿಗಳಿಗೆ ಕಾಗದವೆಂದರೆ ಒಂದು ಅಳುಕು. ಅದಕ್ಕೆ ಕಾರಣ ಬೇಕಾದರೆ ಐವತ್ತು ವರ್ಷ ಹಿಂದಕ್ಕೆ ಹೋಗಬೇಕು. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿಯಲ್ಲಿ 1974ರ ಮಾರ್ಚ್ 1ರಿಂದ ಗೇಣಿಯ ಭೂಮಿಯೆಲ್ಲ ಸರಕಾರದ್ದಾಯಿತು. ಒಕ್ಕಲುಗಳು ನಮೂನೆ 7ರಲ್ಲಿ ಅರ್ಜಿ ಹಾಕಿ ಅದನ್ನು ತಮ್ಮದಾಗಿಸಿಕೊಂಡರು. ಊರಿನ ಬಾಯಲ್ಲಿ ಅದು ‘ಡಿಕ್ಲರೇಷನ್’. ಆಗ ಅವಿಭಜಿತ ದಕ್ಷಿಣ ಕನ್ನಡದ ತಾಲ್ಲೂಕಾಗಿದ್ದ ಕಾರ್ಕಳದಲ್ಲಿ “ಡಿಕ್ಲರೇಷನ್‌ನಲ್ಲಿ ಹೋಯಿತು” ಎಂದು ನಿಟ್ಟುಸಿರು ಬಿಡುವ ಮನೆಯೂ ಉಂಟು, “ಡಿಕ್ಲರೇಷನ್‌ನಲ್ಲಿ ಸಿಕ್ಕಿತು” ಎನ್ನುವ ಮನೆಯೂ ಉಂಟು. ಸಿಕ್ಕಿದವರ ಮಕ್ಕಳೇ ಇವತ್ತು ಲೈನ್ ಮನೆ ಕಟ್ಟಿ ಧಣಿಗಳಾದದ್ದೂ ಉಂಟು ಅನ್ನಿ. ಆದರೂ “ಬರೆದುಕೊಟ್ಟರೆ ಇಲ್ಲೇ ಕೂತುಬಿಟ್ಟಾರು” ಎಂಬ ಹೆದರಿಕೆ ಎರಡೂ ಕಡೆಯವರಲ್ಲಿದೆ. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕು. ಹಾಗಾಗಿ ಬರೆದವರೂ 11 ತಿಂಗಳಿಗೇ ನಿಲ್ಲಿಸುತ್ತಾರೆ.

ಎರಡು ಕಾಲದ ಸರಕಾರಗಳನ್ನು ಹೋಲಿಸಿದರೆ ನನ್ನ ತಕರಾರು ತಿಳಿಯುತ್ತದೆ. ಅಂದಿನ ಭೂ ನ್ಯಾಯಮಂಡಳಿಯ ಮುಂದೆ ಒಕ್ಕಲಿನ ಬಳಿ ಗೇಣಿ ಚೀಟಿ ಇಲ್ಲದಿದ್ದರೂ ನೆರೆಯವರು ಬಂದು “ಹೌದು, ಈ ಗದ್ದೆ ಮಾಡುವುದು ಇವನೇ” ಎಂದು ಸಾಕ್ಷಿ ಹೇಳಬಹುದಿತ್ತು. ವಕೀಲರನ್ನೇ ಕಾಯಿದೆ ಹೊರಗಿಟ್ಟಿತ್ತು. ಧಣಿಗಳು ಇಲ್ಲ ಎಂದಲ್ಲಿಗೆ ಮಾತು ಮುಗಿಯುತ್ತಿರಲಿಲ್ಲ. ಇಂದಿನ ಯೋಜನೆಯಲ್ಲಿ ಧಣಿಗಳ ಸಹಿಯೇ ಬಾಗಿಲು. ಪ್ರತಿ ತಿಂಗಳು ಅಂಗಳಕ್ಕೆ ಬರುವ ಮೀಟರ್ ರೀಡರಿಗೆ ಯಾವ ಬಾಗಿಲಿನಲ್ಲಿ ಯಾರಿದ್ದಾರೆ ಎಂದು ಗೊತ್ತು. ಅವರ ಒಂದು ಷರಾ ಸಾಕಾಗಬೇಕಿತ್ತು.

ಕೊನೆಯ ಬಾಗಿಲಿನವರದ್ದು ಇದ್ದುದರಲ್ಲಿ ಪುಣ್ಯ. ಅವರ ಕೋಣೆ ಆಮೇಲೆ ಕಟ್ಟಿದ್ದು, ಅದಕ್ಕೆ ಬೇರೆ ಮೀಟರ್. ಖಾತೆಗೆ ಧಣಿಗಳು ತಮ್ಮ ಮನೆಯವರೊಬ್ಬರ ಆಧಾರ್ ಜೋಡಿಸಿದ್ದಾರಂತೆ. ಮಿಕ್ಕ ನಾಲ್ಕು ಮನೆಗಳಿಗೆ ಸೇರಿ ಒಂದೇ ಮೀಟರ್, ಒಳಗೆ ಸಬ್ ಮೀಟರ್. ನಾಲ್ಕು ಒಲೆಗಳ ಬಳಕೆ ಒಂದೇ ಚೀಟಿಯಲ್ಲಿ ಬಿದ್ದರೆ 200 ದಾಟದ ತಿಂಗಳಿಲ್ಲ. 200 ದಾಟಿದರೆ ಪೂರ್ತಿ ಬಿಲ್ಲು. ಧಣಿಗಳು ಯೂನಿಟ್‌ಗೆ ಇಷ್ಟು ಎಂದು ಬಾಡಿಗೆಯ ಜೊತೆ ವಸೂಲು ಮಾಡುತ್ತಾರೆ. ಅಲ್ಲಿರುವವರು ಗಾರೆ ಕೆಲಸದವರು, ಹೋಟೆಲಿನ ಸಪ್ಲೈಯರ್. ಸಹಾಯ ಯಾರಿಗೆ ಹೆಚ್ಚು ಬೇಕೋ ಅವರ ಗೋಡೆಯ ತನಕವೇ ಅದು ಬಂದಿಲ್ಲ. ಇದೇ ಯೋಜನೆಯ ದೊಡ್ಡ ತಪ್ಪು. ಸರಾಸರಿಯ ಎಡವಟ್ಟನ್ನಾದರೂ ಒಂದು ಆದೇಶದಲ್ಲಿ ಸರಿಪಡಿಸಬಹುದು.

ಕೊನೆಯ ಬಾಗಿಲಿನವರು ಕರಾರು ಕೇಳಿದ್ದು ಡಿಸೆಂಬರಿನಲ್ಲಿ. “ಅತ್ತೂರು ಸಾಂತ್‌ಮಾರಿ ಕಳೆಯಲಿ, ನೋಡುವ” ಎಂದಿದ್ದರು ಧಣಿಗಳು; ಅದು ಜನವರಿಯ ಚರ್ಚ್ ಜಾತ್ರೆ. ನಾನು ಬಿಲ್ಲು ಓದಿದ ದಿನ ಮಾಡಿನಿಂದ ಮಳೆನೀರು ಸುರಿಯುತ್ತಿತ್ತು. ಆ ಹೆಂಗಸು ಚೀಟಿಯನ್ನು ನಾಲ್ಕಾಗಿ ಮಡಚಿ ರೇಷನ್ ಕಾರ್ಡಿನ ಒಳಗಿಟ್ಟುಕೊಂಡರು.