‘ಮಿಸ್‌ಫೈರ್’ ಆದದ್ದು ಯಾವುದು? ಕೋವಿ ವರದಿಗಳ ಭಾಷೆಯನ್ನು ಕುರಿತು

ಕನ್ನಡ ಪತ್ರಿಕೆ ಹಾಗೂ ವಾಹಿನಿಗಳ ಅಪಘಾತ ವರದಿಗಳಲ್ಲಿ ‘ಕೋವಿ ಮಿಸ್‌ಫೈರ್ ಆಗಿ ಗುಂಡು ತಗುಲಿ ಸಾವು’ ಎಂಬ ಬಗೆಯ ಶೀರ್ಷಿಕೆ ಒಂದು ಸಿದ್ಧ ಅಚ್ಚು. ಈ ಅಚ್ಚು ಕೋವಿ ಉಳ್ಳವರನ್ನೂ ಕೋವಿಯ ಸುರಕ್ಷತೆಯನ್ನೂ ತಪ್ಪಾಗಿ ನಿರೂಪಿಸುತ್ತದೆ ಎಂಬುದು ಈ ಟಿಪ್ಪಣಿಯ ವಾದ.

ಬಂದೂಕು ಬಲ್ಲವರ ಪರಿಭಾಷೆಯಲ್ಲಿ ಮಿಸ್‌ಫೈರ್ ಎಂದರೆ ಟ್ರಿಗರ್ ಎಳೆದರೂ ತೋಟಾ ಸಿಡಿಯದಿರುವುದು. ವರದಿಗಳಲ್ಲಿ ಅರ್ಥ ತಿರುಗುಮುರುಗು: ಸಿಡಿಯಬಾರದಾಗ ಸಿಡಿದದ್ದು. ‘ಮಿಸ್ ಆಗು’ ಎಂಬ ಆಡುಮಾತಿನ ಕ್ರಿಯಾಪದ ಈ ಪಲ್ಲಟಕ್ಕೆ ಒತ್ತಾಸೆಯಾಗಿರಬಹುದು. ಎರವಲು ಪದದ ಅರ್ಥ ಬದಲಾಗುವುದು ಸಹಜ. ನನ್ನ ಆಕ್ಷೇಪ ಶುದ್ಧಿವಾದದ್ದಲ್ಲ. ಆದರೆ ನಿಜವಾದ ಮಿಸ್‌ಫೈರ್‌ಗೆ ತನ್ನದೇ ಆದ ಎಚ್ಚರಿಕೆಯ ಕ್ರಮವಿದೆ. ತೋಟಾ ತಡವಾಗಿ ಸಿಡಿಯಬಹುದಾದ್ದರಿಂದ ಕೋವಿಯನ್ನು ಕೂಡಲೇ ತೆರೆಯದೆ, ಅದರ ಬಾಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಕಾಯಬೇಕು. ಹೆಸರೇ ವಿರುದ್ಧಾರ್ಥಕ್ಕೆ ಸಂದಮೇಲೆ ಈ ಎಚ್ಚರಿಕೆ ಓದುಗನಿಗೆ ತಲುಪುವುದು ಕಷ್ಟ.

ವಾಕ್ಯರಚನೆಯನ್ನೂ ಗಮನಿಸಬೇಕು. ‘ಹಾರಿಸು’ ಎಂಬ ಪ್ರೇರಣಾರ್ಥಕಕ್ಕೆ ಹಾರಿಸಿದ ವ್ಯಕ್ತಿ ಬೇಕು. ‘ಹಾರು’ ಎಂಬ ಅಕರ್ಮಕಕ್ಕೆ ಗುಂಡೇ ಕರ್ತೃ. ಕರ್ಮಣಿ ಪ್ರಯೋಗದ ನೆರವಿಲ್ಲದೆಯೇ ಕನ್ನಡ ಇಲ್ಲಿ ವ್ಯಕ್ತಿಯನ್ನು ಮರೆಮಾಡಬಲ್ಲದು. ತನಿಖೆ ಮುಗಿಯುವ ಮುನ್ನ ಯಾರನ್ನೂ ಹೊಣೆ ಮಾಡಬಾರದೆಂಬ ವರದಿಗಾರನ ಸಂಕೋಚ ನ್ಯಾಯವಾದದ್ದೇ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಅಪರಾಧ. ಆ ಸಂಕೋಚಕ್ಕೆ ‘ಗುಂಡು ಹಾರಿ’ ಸಾಕು. ‘ಮಿಸ್‌ಫೈರ್’ ಅಷ್ಟಕ್ಕೆ ನಿಲ್ಲದೆ, ದೋಷ ಯಂತ್ರದ್ದೆಂದು ತೀರ್ಪನ್ನೇ ಕೊಡುತ್ತದೆ. ಕೋವಿಯಲ್ಲಿ ತೋಟಾ ಇತ್ತೇ, ಅದರ ಬಾಯಿ ಯಾರತ್ತ ಇತ್ತು, ಬೆರಳು ಎಲ್ಲಿತ್ತು ಎಂಬ ಪ್ರಶ್ನೆಗಳು ಅಲ್ಲಿಗೆ ಮುಚ್ಚಿಹೋಗುತ್ತವೆ.

ಇದಕ್ಕೆ ತದ್ವಿರುದ್ಧವಾದ ಅನ್ಯಾಯ ‘ಪರವಾನಗಿ ಇಲ್ಲದ ಕೋವಿ’ ಎಂಬ ಪದಗುಚ್ಛದಲ್ಲಿದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ‘ಇಲ್ಲದ’ ಎಂಬ ನಿಷೇಧರೂಪ ಪರವಾನಗಿ ಬೇಕಿಲ್ಲದವನನ್ನೂ ಪಡೆಯದೆ ಕದ್ದಿಟ್ಟವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಕೈಲ್‌ಪೊಳ್ದ್ ಹಬ್ಬದಂದು ಮನೆಯ ಕೋವಿಗೆ ಹೂವಿಟ್ಟು ಪೂಜಿಸುವ ಕುಟುಂಬ ಹೀಗೆ ಅಕ್ರಮದ ನೆರಳಿಗೆ ಬರುತ್ತದೆ.

ಒಂದು ನುಡಿ ಕೋವಿ ಹಿಡಿದವನ ಹೊಣೆಯನ್ನು ಅಳಿಸಿದರೆ, ಇನ್ನೊಂದು ಅವನ ಮೇಲಿಲ್ಲದ ಆರೋಪವನ್ನು ಹೊರಿಸುತ್ತದೆ. ‘ಆಕಸ್ಮಿಕವಾಗಿ’ ಎಂಬುದೂ ತನಿಖೆಯ ನಂತರ ಬರಬೇಕಾದ ಮಾತೇ. ‘ಗುಂಡು ಹಾರಿದೆ, ಕಾರಣ ತಿಳಿದಿಲ್ಲ’, ‘ಪರವಾನಗಿಯಿಂದ ವಿನಾಯಿತಿ ಪಡೆದ ಕೋವಿ’ ಎಂದು ಬರೆಯಲು ಕನ್ನಡಕ್ಕೆ ಯಾವ ಅಡ್ಡಿಯೂ ಇಲ್ಲ. ಮಾಧ್ಯಮ ಭಾಷೆಯ ಪಠ್ಯಕೋಶ ಕಟ್ಟುವ ಸಂಶೋಧಕರು ಈ ಎರಡು ರೂಪಗಳನ್ನು ಪ್ರತ್ಯೇಕವಾಗಿ ಗುರುತಿಸಿದರೆ ಇಲ್ಲಿನ ವಾದವನ್ನು ಪರೀಕ್ಷಿಸಲು ಸಾಧ್ಯವಾದೀತು.